ಕಂದಾಯದ ರಸೀದಿ ನೋಡಿ ‘ಇದು ನಡೆಯಲ್ಲ’ ಅಂದ ಆಡಿಟರ್: ತುಮಕೂರಿನಲ್ಲಿ ಎರಡನೇ ಮನೆ ಮಾರಿದವರಿಗೆ

ಮನೆ ಮಾರಿದ ಲಾಭದ ತೆರಿಗೆಗೆ ಅಂತ ನಾನು ಹೋಗಿದ್ದ ಆಡಿಟರ್ ಆಫೀಸಿನ ಹೆಸರು ಹಾಕುತ್ತಿಲ್ಲ. ಹಾಕಲಾ ಅಂತ ಕೇಳಿದ್ದಕ್ಕೆ, ಬೇಡ ಮೇಡಂ, ಇರೋ ಫೈಲುಗಳನ್ನೇ ಮುಗಿಸೋಕೆ ಆಗ್ತಿಲ್ಲ ಅಂದರು. ತುಮಕೂರಿನ ಎಂ.ಜಿ. ರಸ್ತೆಯ ಹತ್ತಿರ ಒಂದು ಹಳೇ ಕಟ್ಟಡ, ಎರಡನೇ ಮಹಡಿ. ಅಷ್ಟು ಸಾಕು. ಹೆಸರೇ ಹೇಳದ ಮೇಲೆ ವಿಮರ್ಶೆ ಯಾಕೆ ಬರೀತೀಯ ಅಂತ ನಮ್ಮ ಮನೆಯವರು ನಕ್ಕರು. ಆದರೆ ಮನೆ ಮಾರಿದವರು ಆಡಿಟರ್ ಹತ್ತಿರ ಹೋದಾಗ ಏನು ಕೇಳಬೇಕು, ಯಾವ ಮಾತು ಕೇಳಿದರೆ ಎದ್ದು ಬರಬೇಕು ಅನ್ನುವುದು ಗೊತ್ತಿದ್ದರೆ ಒಳ್ಳೇದು ಅಲ್ವಾ? ಅದಕ್ಕೆ ಬರೆಯುತ್ತಿದ್ದೇನೆ.

ನಾವಿರುವುದು ಎಸ್.ಎಸ್. ಪುರಂನಲ್ಲಿ. ಕ್ಯಾತ್ಸಂದ್ರದ ಕಡೆ ನನ್ನ ಹೆಸರಿನಲ್ಲಿ ಇನ್ನೊಂದು ಮನೆ ಇತ್ತು. 2010ರ ಡಿಸೆಂಬರ್‌ನಲ್ಲಿ ಕೊಂಡಿದ್ದು, ಸ್ಟಾಂಪು, ನೋಂದಣಿ ಎಲ್ಲಾ ಸೇರಿ 18 ಲಕ್ಷ. 2016ರ ಕೊನೆಯಲ್ಲಿ ಮೇಲೆ ಒಂದು ರೂಮು, ಬಾತ್‌ರೂಮು ಹಾಕಿಸಿದೆವು, 4 ಲಕ್ಷ ಆಯಿತು. ಮೊದಲಿಂದಲೂ ಬಾಡಿಗೆಗೇ ಕೊಟ್ಟಿದ್ದೆವು. 2025ರ ಜನವರಿಯಲ್ಲಿ 60 ಲಕ್ಷಕ್ಕೆ ಮಾರಿದೆವು. ಮಗಳ ಓದಿಗೆ ದುಡ್ಡು ಬೇಕಿತ್ತು, ಬಾಡಿಗೆದಾರರ ಕಿರಿಕಿರಿಯೂ ಸಾಕಾಗಿತ್ತು.

ಈ ಆಫೀಸಿಗೆ ಬರುವ ಮುಂಚೆ ಇನ್ನೊಂದು ಕಡೆ ಹೋಗಿದ್ದೆ. ಅದರ ಹೆಸರೂ ಹೇಳಲ್ಲ. ಅಲ್ಲಿ ಎ.ಸಿ. ಇತ್ತು, ಕಾಫಿ ಕೊಟ್ಟರು, ಮಾತು ಬೆಣ್ಣೆ. “ಇಷ್ಟು ವರ್ಷ ಕಂದಾಯ ಕಟ್ಟಿದ್ದೀರಲ್ಲ, ಎಲ್ಲಾ ರಸೀದಿ ತನ್ನಿ ಮೇಡಂ. ಮನೆ ಮೇಲೆ ಹಾಕಿದ ಖರ್ಚು ತಾನೆ, ಒಟ್ಟಿಗೆ ಸೇರಿಸಿಬಿಡೋಣ, ಲಾಭ ಕಮ್ಮಿ ತೋರಿಸಬಹುದು” ಅಂದರು. ಕೇಳೋಕೆ ಚೆನ್ನಾಗಿತ್ತು. ನಾನೂ ಬೀರುವಿನಿಂದ ಎಲ್ಲಾ ತೆಗೆದು, ವರ್ಷದ ಪ್ರಕಾರ ಜೋಡಿಸಿ, ಕೂಡಿ ನೋಡಿದೆ. ಸುಮಾರು 80 ಸಾವಿರ ಇತ್ತು. ಆದರೆ ಯಾವ ಕಲಮಿನಡಿ ಸೇರಿಸುತ್ತೀರಿ ಅಂತ ಕೇಳಿದರೆ ಉತ್ತರವೇ ಇಲ್ಲ, ಎಲ್ಲರೂ ಹಾಕ್ತಾರೆ ಮೇಡಂ ಅನ್ನುವುದೊಂದೇ ಮಾತು. ಎಲ್ಲರೂ ಹಾಕ್ತಾರೆ ಅನ್ನುವುದು ಕಾನೂನಲ್ಲ. ನೋಟಿಸು ಬಂದರೆ ಬರುವುದು ನನ್ನ ಹೆಸರಿಗೆ, ಅವರ ಹೆಸರಿಗಲ್ಲ. ಎದ್ದು ಬಂದೆ.

ಎರಡನೇ ಮಹಡಿಯ ಈ ಆಡಿಟರ್ ಅದೇ ಕಟ್ಟನ್ನು ಬಿಚ್ಚಿ ನೋಡಿ, ಒಂದು ನಿಮಿಷದಲ್ಲಿ ಪಕ್ಕಕ್ಕಿಟ್ಟರು. “ಇದು ನಡೆಯಲ್ಲ ಮೇಡಂ. ಕರೆಂಟ್ ಬಿಲ್ಲನ್ನು ಮನೆ ಬೆಲೆಗೆ ಸೇರಿಸ್ತೀರಾ?” ಅಂದರು. ನಿಜ ಹೇಳಬೇಕೆಂದರೆ ಸ್ವಲ್ಪ ಸಿಟ್ಟೇ ಬಂತು. ಆಮೇಲೆ ಬಿಡಿಸಿ ಹೇಳಿದರು.

2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 48ನೇ ಕಲಮಿನ ಪ್ರಕಾರ ಮಾರಿದ ದುಡ್ಡಿನಿಂದ ಕಳೆಯೋಕೆ ಬಿಡುವುದು ಮೂರನ್ನು ಮಾತ್ರ. ಕೊಂಡ ಬೆಲೆ, ಮನೆ ಹೆಚ್ಚಿಸಿದ ಖರ್ಚು, ಮತ್ತೆ ಮಾರುವ ಕೆಲಸಕ್ಕೇ ಅಂತ ಆದ ಖರ್ಚು. ಮೊದಲನೆಯದರಲ್ಲಿ ಸ್ಟಾಂಪು ಮತ್ತು ನೋಂದಣಿ ಬರುತ್ತದೆ. ಎರಡನೆಯದರಲ್ಲಿ ನಮ್ಮ ಮೇಲಿನ ರೂಮು ಬರುತ್ತದೆ. ಮೂರನೆಯದರಲ್ಲಿ ಬ್ರೋಕರ್ ಕಮಿಷನ್ ಬರುತ್ತದೆ. ವರ್ಷ ವರ್ಷ ಕಟ್ಟುವ ಕಂದಾಯ ಈ ಮೂರರಲ್ಲಿ ಎಲ್ಲೂ ಕೂರುವುದಿಲ್ಲ. ಅದು ಮನೆ ಇಟ್ಟುಕೊಂಡಿದ್ದಕ್ಕೆ ಕಟ್ಟಿದ್ದು, ಮನೆ ಕೊಂಡಿದ್ದಕ್ಕೂ ಅಲ್ಲ, ಬೆಳೆಸಿದ್ದಕ್ಕೂ ಅಲ್ಲ, ಮಾರಿದ್ದಕ್ಕೂ ಅಲ್ಲ. ಸುಣ್ಣ ಬಣ್ಣ, ಸಣ್ಣ ಪುಟ್ಟ ರಿಪೇರಿಯೂ ಅಷ್ಟೇ.

ಇಷ್ಟೇ ಹೇಳಿ ಕಳಿಸಿದ್ದರೆ ನಾನು ಈ ವಿಮರ್ಶೆ ಬರೆಯುತ್ತಿರಲಿಲ್ಲ. ಪಕ್ಕಕ್ಕಿಟ್ಟ ಕಟ್ಟಿನಿಂದ ಕೊನೇ ಎರಡು ರಸೀದಿ ಮಾತ್ರ ವಾಪಸ್ ಎಳೆದುಕೊಂಡು, ಇವೆರಡು ಕೆಲಸಕ್ಕೆ ಬರ್ತವೆ, ಆದರೆ ಬೇರೆ ಜಾಗದಲ್ಲಿ ಅಂದರು. ಆ ಬೇರೆ ಜಾಗ ಯಾವುದು ಅಂದರೆ ಬಾಡಿಗೆ ಆದಾಯ.

ಬಾಡಿಗೆಗೆ ಕೊಟ್ಟ ಮನೆಗೆ ಸ್ಥಳೀಯ ಸಂಸ್ಥೆ ಹಾಕಿದ ತೆರಿಗೆಯನ್ನು ಆ ವರ್ಷದ ಬಾಡಿಗೆಯಿಂದ ಕಳೆಯಬಹುದು, ಅದೇ ಕಾಯ್ದೆಯ 23ನೇ ಕಲಮಿನಲ್ಲಿತ್ತು. ಎರಡು ಷರತ್ತು. ಮಾಲೀಕರೇ ಕಟ್ಟಿರಬೇಕು, ಮತ್ತು ಆ ವರ್ಷದಲ್ಲೇ ಕಟ್ಟಿರಬೇಕು. ಯಾವ ವರ್ಷದ ಬಾಕಿ ಅನ್ನುವುದು ಮುಖ್ಯವೇ ಅಲ್ಲ, ದುಡ್ಡು ಯಾವ ವರ್ಷ ಕೈಬಿಟ್ಟಿತು ಅನ್ನುವುದು ಮುಖ್ಯ. ನನ್ನ ಕೇಸಿನಲ್ಲಿ ಇದೇ ಉಪಯೋಗಕ್ಕೆ ಬಂದಿದ್ದು. ಮಾರುವ ಮುಂಚೆ ಇ-ಖಾತೆ ಮಾಡಿಸಬೇಕಾಯಿತು, ಅದಿಲ್ಲದೆ ಈಗ ನೋಂದಣಿಯೇ ಆಗಲ್ಲ. ಆಗ ಮೇಲಿನ ರೂಮಿನ ಅಳತೆ ಸೇರಿ, ಹಿಂದಿನ ವರ್ಷಗಳ ವ್ಯತ್ಯಾಸದ ತೆರಿಗೆ 15 ಸಾವಿರ ಕಟ್ಟಿದ್ದೆವು. ಆ ವರ್ಷದ್ದು 6 ಸಾವಿರ ಏಪ್ರಿಲ್‌ನಲ್ಲೇ 5% ರಿಯಾಯಿತಿ ಸಿಗುತ್ತದೆ ಅಂತ ಕಟ್ಟಿಯಾಗಿತ್ತು. ಒಟ್ಟು 21 ಸಾವಿರ. ತಡ ಮಾಡಿದ್ದಕ್ಕೆ ಹಾಕಿದ ದಂಡ ಬೇರೆ ಇತ್ತು, ಅದನ್ನು ಮಾತ್ರ ಮುಟ್ಟಬೇಡಿ, ದಂಡ ತೆರಿಗೆ ಅಲ್ಲ ಅಂದರು.

ಲೆಕ್ಕ ಹೀಗೆ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 10 ಸಾವಿರದಂತೆ 90 ಸಾವಿರ ಬಾಡಿಗೆ ಬಂದಿತ್ತು. ಅದರಲ್ಲಿ 21 ಸಾವಿರ ಕಳೆದರೆ 69 ಸಾವಿರ. ಅದರ ಮೇಲೆ 30%, ಅಂದರೆ 20,700 ರೂಪಾಯಿ, ಯಾವ ಬಿಲ್ಲೂ ಇಲ್ಲದೆ ಕಳೆಯಬಹುದು. ಉಳಿದದ್ದು 48,300. ಕಂದಾಯ ಕಳೆಯದೇ ಇದ್ದಿದ್ದರೆ 63 ಸಾವಿರಕ್ಕೆ ತೆರಿಗೆ ಬೀಳುತ್ತಿತ್ತು. ಅಂದರೆ 21 ಸಾವಿರ ಕಟ್ಟಿದ್ದಕ್ಕೆ ಆದಾಯ ಇಳಿದಿದ್ದು 14,700 ಮಾತ್ರ, ಯಾಕೆಂದರೆ ಕಂದಾಯ ಕಳೆದ ಮೇಲೆ ಉಳಿದದ್ದರ ಮೇಲೆ ಆ 30% ಲೆಕ್ಕ ಹಾಕುವುದು. ಇದನ್ನು ಅವರು ಕೇಳದೆಯೇ ತೋರಿಸಿದರು. ಕಂದಾಯ ಪೂರ್ತಿ ಉಳೀತು ಅಂತ ಸುಮ್ನೆ ಖುಷಿ ಪಡಿಸಲಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲೂ ಬಾಡಿಗೆ ಮನೆಗೆ ಈ ಎರಡು ಕಳೆಯುವಿಕೆ ಇವೆ ಅನ್ನುವುದು ನನಗೆ ಹೊಸ ವಿಷಯ. ಹೊಸ ಪದ್ಧತಿ ಅಂದರೆ ಏನೂ ಇಲ್ಲ ಅಂದುಕೊಂಡವರೇ ಜಾಸ್ತಿ.

ಮನೆ ಬಾಡಿಗೆಗೆ ಕೊಡದೆ ನಾವೇ ಇಟ್ಟುಕೊಂಡಿದ್ದರೆ? ಏನೂ ಇಲ್ಲ. ಎರಡು ಮನೆಯವರೆಗೆ ಸ್ವಂತ ವಾಸಕ್ಕೆ ಅಂತ ತೋರಿಸಬಹುದು, ಆಗ ಅದರ ಆದಾಯ ಸೊನ್ನೆ. ಸೊನ್ನೆಯಿಂದ ಕಂದಾಯ ಕಳೆಯೋಕೆ ಬಿಡಲ್ಲ. ಖಾಲಿ ಸೈಟಿನವರಿಗೆ ಅದೂ ಇಲ್ಲ ಇದೂ ಇಲ್ಲ. ನಮ್ಮೂರಲ್ಲಿ ಒಂದೊಂದು ಮನೆಯಲ್ಲಿ ಎರಡು ಮೂರು ಸೈಟು ಇಟ್ಟುಕೊಂಡು ಕೂತಿದ್ದಾರೆ, ಅವರಿಗೆ ಹೇಳಿದರೆ ಬೇಜಾರಾಗಬಹುದು.

ಬೆಂಚಿನ ಮೇಲೆ ನನ್ನ ಪಕ್ಕ ಶಿರಾ ಕಡೆಯ ಒಬ್ಬ ಯಜಮಾನರು ಕೂತಿದ್ದರು. ಅವರದು ಅಂಗಡಿ ಮಳಿಗೆ, ಕಂದಾಯವನ್ನು ಬಾಡಿಗೆದಾರನೇ ಕಟ್ಟುವುದು ಅಂತ ಒಪ್ಪಂದ. ರಸೀದಿ ತಮ್ಮ ಹೆಸರಲ್ಲೇ ಇದೆಯಲ್ಲ, ಕಳೀರಿ ಅಂತ ಅವರ ವಾದ. ದುಡ್ಡು ಯಾರ ಅಕೌಂಟಿನಿಂದ ಹೋಯಿತು ಯಜಮಾನ್ರೇ ಅಂತ ಆಡಿಟರ್ ಕೇಳಿದರು. ಯಜಮಾನರು ಬಾಯಿ ಮುಚ್ಚಿಕೊಂಡರು. ಆದರೆ ಅವರ ಹತ್ತಿರ ಇನ್ನೊಂದು ಕಾಗದ ಇತ್ತು, ಯಾವತ್ತೋ ಖಾತೆಗೆ ಅಂತ ಒಂದು ಸಲ ಕಟ್ಟಿದ ಸುಧಾರಣಾ ಶುಲ್ಕದ್ದು. ಅದನ್ನು ನೋಡಿ ಆಡಿಟರ್ ಮುಖ ಅರಳಿತು. ಇದು ವರ್ಷದ ಕಂದಾಯ ಅಲ್ಲ, ಆಸ್ತಿಯ ಬೆಲೆಗೇ ಸೇರೋ ಖರ್ಚು, ಇದನ್ನ ಭದ್ರವಾಗಿ ಇಟ್ಟುಕೊಳ್ಳಿ ಅಂದರು. ಹಾಗಾಗಿ ಪಾಲಿಕೆಯ ಕಾಗದ ಅಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ಕಟ್ಟಿಗೆ ಹಾಕಬೇಡಿ.

ಇನ್ನು ಲಾಭದ ತೆರಿಗೆ. ದುಡ್ಡು ಉಳಿದಿದ್ದು ಇಲ್ಲೇ, ಕಂದಾಯದಲ್ಲಿ ಅಲ್ಲ. 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡ ಮನೆ ಆದ್ದರಿಂದ ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಇದಕ್ಕೆ 12.5% ದರ, ಬೆಲೆ ಏರಿಕೆಯ ಸೂಚ್ಯಂಕ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ತೋರಿಸುವ ಲೆಕ್ಕ) ಇಲ್ಲ. ಆದರೆ ಆ ದಿನಕ್ಕಿಂತ ಮುಂಚೆ ಕೊಂಡ ಜಮೀನು, ಕಟ್ಟಡ ಆಗಿದ್ದರೆ, ಇಲ್ಲೇ ವಾಸ ಇರುವ ವ್ಯಕ್ತಿಗಳಿಗೂ ಅವಿಭಕ್ತ ಕುಟುಂಬಗಳಿಗೂ ಹಳೇ ಲೆಕ್ಕ, ಅಂದರೆ ಸೂಚ್ಯಂಕ ಹಾಕಿ 20%, ಅದನ್ನೂ ಮಾಡಿ ನೋಡಿ ಯಾವುದು ಕಮ್ಮಿಯೋ ಅಷ್ಟು ಕಟ್ಟುವ ಅವಕಾಶ ಇದೆ. ಎ.ಸಿ. ಆಫೀಸಿನವರು ಇದರ ಸುದ್ದಿಯನ್ನೇ ಎತ್ತಿರಲಿಲ್ಲ. 80 ಸಾವಿರ ಕಂದಾಯ ಸೇರಿಸುತ್ತೇವೆ ಅನ್ನುವುದರಲ್ಲೇ ಇದ್ದರು.

ಈ ಆಡಿಟರ್ ನನ್ನ ಮುಂದೆಯೇ ಕಾಗದದ ಮೇಲೆ ಪೆನ್ನಿನಲ್ಲಿ ಎರಡೂ ಬರೆದರು. ಸೂಚ್ಯಂಕ 2010-11ಕ್ಕೆ 167, 2024-25ಕ್ಕೆ 363. ಹಾಗಾಗಿ ನಮ್ಮ 18 ಲಕ್ಷ ಸುಮಾರು 39.13 ಲಕ್ಷ ಆಯಿತು. ರೂಮು ಹಾಕಿದ 2016-17ರ ಸೂಚ್ಯಂಕ 264, ಅಲ್ಲಿಗೆ 4 ಲಕ್ಷ 5.5 ಲಕ್ಷ ಆಯಿತು. ಬ್ರೋಕರ್‌ಗೆ 1% ಕೊಟ್ಟಿದ್ದೆವು, 60 ಸಾವಿರ. ಅದನ್ನೂ ಕಳೆದರೆ ಲಾಭ ಸುಮಾರು 14.77 ಲಕ್ಷ, 20% ಅಂದರೆ 2.95 ಲಕ್ಷ ತೆರಿಗೆ. ಸೂಚ್ಯಂಕ ಇಲ್ಲದೆ ಲಾಭ 37.4 ಲಕ್ಷ, 12.5% ಅಂದರೆ 4.67 ಲಕ್ಷ. ವ್ಯತ್ಯಾಸ 1.72 ಲಕ್ಷ! ಇದರ ಮುಂದೆ ಕಂದಾಯದ ರಸೀದಿಗಳನ್ನು ಸುಳ್ಳು ಸುಳ್ಳೇ ಸೇರಿಸಿದ್ದರೂ ಉಳಿಯುತ್ತಿದ್ದದ್ದು 16 ಸಾವಿರದ ಆಸುಪಾಸು. ಅದಕ್ಕೋಸ್ಕರ ನೋಟಿಸಿನ ಭಯ ಬೇರೆ.

ಎಲ್ಲರಿಗೂ ಹಳೇ ಲೆಕ್ಕವೇ ಲಾಭ ಅಂದುಕೊಳ್ಳಬೇಡಿ. ಬೆಲೆ ನಾಲ್ಕೈದು ಪಟ್ಟು ಏರಿದ್ದರೆ 12.5% ಒಳ್ಳೇದಾಗಬಹುದು. ಎರಡೂ ಬರೆದು ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಬೇರೆ ಆಫೀಸು ನೋಡಿ.

ರೂಮಿನ ಖರ್ಚಿಗೆ ಮೇಸ್ತ್ರಿ ಕೊಟ್ಟ ಚೀಟಿ, ಸಿಮೆಂಟು ಕಬ್ಬಿಣದ ಬಿಲ್ಲು, ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮೂರನ್ನೂ ಕೇಳಿದರು. ಸಿಕ್ಕಷ್ಟು ಕೊಟ್ಟೆ. ಬ್ರೋಕರ್‌ಗೆ ಕೈಯಲ್ಲಿ ದುಡ್ಡು ಕೊಟ್ಟಿದ್ದರೆ ಕಷ್ಟವಿತ್ತು, ಅಕೌಂಟಿಗೆ ಹಾಕಿದ್ದು ಒಳ್ಳೇದಾಯಿತು. ಮನೆ ಸಾಲದ ಬಡ್ಡಿಯನ್ನು ಈಗಾಗಲೇ ವರ್ಷ ವರ್ಷ ಕಳೆದುಕೊಂಡಿದ್ದರೆ ಅದನ್ನೇ ಮತ್ತೆ ಕೊಂಡ ಬೆಲೆಗೆ ಸೇರಿಸುವಂತಿಲ್ಲ, 2023ರ ತಿದ್ದುಪಡಿಯಲ್ಲಿ ಆ ಬಾಗಿಲು ಮುಚ್ಚಿದರು ಅಂತಲೂ ಹೇಳಿದರು. ನಮಗೆ ಸಾಲ ಇರಲಿಲ್ಲ, ಅದಕ್ಕೆ ನಾನು ಜಾಸ್ತಿ ಕೇಳಲಿಲ್ಲ.

ಕೊಳ್ಳುವವರ ಕಡೆಯಿಂದ ಒಂದು ತರಲೆ ಬಂದಿತ್ತು. ಪತ್ರದಲ್ಲಿ 48 ಲಕ್ಷ ತೋರಿಸೋಣ, ಉಳಿದದ್ದು ಕ್ಯಾಶ್ ಅಂದರು. 50 ಲಕ್ಷಕ್ಕೆ ಕಮ್ಮಿ ಆದರೆ ಟಿಡಿಎಸ್ (ಕೊಳ್ಳುವವರು ಬೆಲೆಯಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಗೋಜು ಇಲ್ಲ ಅನ್ನುವುದು ಅವರ ಲೆಕ್ಕ. ಆಡಿಟರ್ ಹತ್ತಿರ ಫೋನಿನಲ್ಲೇ ಮಾತಾಡಿಸಿದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ ಬೀಳಬಹುದು, ಅದೂ ಮಾರುವವರಿಗೆ, ನಿಮಗಲ್ಲ, ಹಾಗಾಗಿ ಮೇಡಂ ಒಪ್ಪಲ್ಲ ಅಂತ ನೇರವಾಗಿ ಹೇಳಿದರು. ಕೊನೆಗೆ 60 ಲಕ್ಷವೂ ಪತ್ರದಲ್ಲೇ ಬಂತು. 1% ಟಿಡಿಎಸ್ ಹಿಡಿದು 26ಕ್ಯೂಬಿ ಫಾರಂನಲ್ಲಿ ಕಟ್ಟಿದರು, ಕಟ್ಟಿದ್ದಕ್ಕೆ ಪ್ರಮಾಣಪತ್ರ ಅಂತ ನನಗೆ 16ಬಿ ಕೊಟ್ಟರು. ಬ್ರೋಕರ್‌ಗೂ 60 ಸಾವಿರ, ಟಿಡಿಎಸ್ಸೂ 60 ಸಾವಿರ. ಟಿಡಿಎಸ್‌ದು ನನ್ನ ತೆರಿಗೆ ಲೆಕ್ಕಕ್ಕೆ ವಾಪಸ್ ಬರುತ್ತದೆ, ಬ್ರೋಕರ್‌ದು ಹೋದ ಹಾಗೆ.

ಜನವರಿಯಲ್ಲಿ ಮಾರಿದ್ದು, ಆ ವರ್ಷದ ಕಂದಾಯ ಮಾರ್ಚ್‌ವರೆಗೆ ನಾನೇ ಕಟ್ಟಿದ್ದೆ. ಉಳಿದ ಎರಡು ತಿಂಗಳ ಪಾಲು ಕೊಡಿ ಅಂತ ಕೊಂಡವರನ್ನು ಕೇಳಿದ್ದಕ್ಕೆ ಅವರು ನಗಾಡಿಬಿಟ್ಟರು. ಕೇಳಬಾರದ್ದೇನೂ ಅಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಬೇರೆ ಮಾತು ಆಗಿಲ್ಲದಿದ್ದರೆ ಮಾರುವ ದಿನದವರೆಗಿನ ಸರ್ಕಾರಿ ಬಾಕಿ ಮಾರುವವರ ತಲೆ ಮೇಲೆ, ಒಡೆತನ ದಾಟಿದ ಮೇಲಿನದು ಕೊಂಡವರ ತಲೆ ಮೇಲೆ. ಆದರೆ ಅದನ್ನು ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಬೇಕು, ಆಮೇಲೆ ಕೇಳಿದರೆ ನಗ್ತಾರೆ ಅಂತ ಆಡಿಟರೂ ನಕ್ಕರು. ಇನ್ನೂ ಒಂದು ಹೇಳಿದರು. ಹಳೇ ಬಾಕಿಯನ್ನು ಕೊಂಡವರೇ ಕಟ್ಟಿಕೊಂಡು ಬೆಲೆಯಲ್ಲಿ ಮುರಿದುಕೊಂಡರೆ, ನಮಗೆ ಕೈಗೆ ಬಂದಿದ್ದು ಕಮ್ಮಿ ಆದರೂ ಲಾಭದ ಲೆಕ್ಕಕ್ಕೆ ಮಾತ್ರ ಒಪ್ಪಿದ ಪೂರ್ತಿ ಬೆಲೆಯೇ. ಅದರ ಬದಲು ಮಾರುವ ಮುಂಚೆ ನೀವೇ ಕಟ್ಟಿ, ಬಾಡಿಗೆ ಇದ್ದರೆ ಅದರಲ್ಲಿ ಕಳೆಯಿರಿ ಅಂದರು. ಇದು ನನಗೆ ತುಂಬಾ ಹಿಡಿಸಿದ ಸಲಹೆ.

ನಮ್ಮ ಸೋದರಮಾವನ ಮಗ ಅಮೆರಿಕದಲ್ಲಿದ್ದಾನೆ. ಅವನೂ ಅಲ್ಲಿ ರಜೆಗೆ ಅಂತ ಇಟ್ಟುಕೊಂಡಿದ್ದ ಎರಡನೇ ಮನೆ ಮಾರಿದ. ಅಲ್ಲಿ ಆ ವರ್ಷದ ಆಸ್ತಿ ತೆರಿಗೆಯನ್ನು ಮಾರಿದ ದಿನಕ್ಕೆ ಸರಿಯಾಗಿ ದಿನದ ಲೆಕ್ಕದಲ್ಲಿ ಇಬ್ಬರಿಗೂ ಹಂಚುತ್ತಾರೆ, ಕಾನೂನೇ ಹಾಗೆ. ತನ್ನ ಪಾಲಿನದನ್ನು ಆದಾಯದಿಂದ ಕಳೆಯಬಹುದು, ಆದರೆ ಖರ್ಚುಗಳನ್ನು ಒಂದೊಂದಾಗಿ ತೋರಿಸುವವರಿಗೆ ಮಾತ್ರ, ರಾಜ್ಯ ಮತ್ತು ಸ್ಥಳೀಯ ತೆರಿಗೆ ಎಲ್ಲಾ ಸೇರಿ 2024ರವರೆಗೆ 10 ಸಾವಿರ ಡಾಲರ್ ಮಿತಿ ಇತ್ತು, 2025ಕ್ಕೆ 40 ಸಾವಿರಕ್ಕೆ ಏರಿಸಿದರು. ಸ್ವಂತ ಬಳಕೆಯ ಮನೆಗೆ ವರ್ಷ ವರ್ಷ ಕಟ್ಟಿದ ಆಸ್ತಿ ತೆರಿಗೆಯನ್ನು ಅಲ್ಲೂ ಮನೆ ಬೆಲೆಗೆ ಸೇರಿಸೋಕೆ ಬಿಡಲ್ಲವಂತೆ. ಅದು ಕೇಳಿ ಸ್ವಲ್ಪ ಸಮಾಧಾನ ಆಯಿತು. ಅವನ ಕಥೆ ಕೇಳಿಕೊಂಡು ಇಲ್ಲಿ ಯಾರೂ ಲೆಕ್ಕ ಹಾಕಬೇಡಿ, ಅದೇ ಬೇರೆ ಕಾನೂನು, ಇದೇ ಬೇರೆ.

ಈಗ ಆಫೀಸಿನ ಕೊರತೆಗಳು. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿವೆ. ಮಂಡಿ ನೋವಿನವರು ಫೋನ್ ಮಾಡಿ ಕೆಳಗೆ ಕರೆಸಿಕೊಳ್ಳೋಣ ಅಂದರೆ ಫೋನೇ ಎತ್ತಲ್ಲ. ವಾಟ್ಸಾಪ್ ಮಾಡಿದರೆ ರಾತ್ರಿ ಹತ್ತರ ಮೇಲೆ ಉತ್ತರ ಬರುತ್ತದೆ. ಅಲ್ಲಿರುವ ಹುಡುಗ ಕೊಟ್ಟ ಜೆರಾಕ್ಸನ್ನೇ ಮತ್ತೆ ಕೇಳುತ್ತಾನೆ, ಎಲ್ಲಿಟ್ಟ ಅಂತ ಅವನಿಗೇ ಗೊತ್ತಿರಲ್ಲ. ಫೀಸು ಮೊದಲೇ ಹೇಳಲಿಲ್ಲ, ಕೊನೆಗೆ 7,500 ಅಂದರು. ಎ.ಸಿ. ಆಫೀಸಿನವರು ಕೇಳಿದ್ದು 4 ಸಾವಿರ. ನಾನು ಚೌಕಾಸಿ ಮಾಡಲಿಲ್ಲ, ಆದರೆ ಮೊದಲೇ ಹೇಳಬೇಕಿತ್ತು ಅಂತ ಅವರ ಮುಖಕ್ಕೇ ಹೇಳಿದೆ. ರಸೀದಿಯನ್ನೂ ಕೇಳಿ ತೆಗೆದುಕೊಳ್ಳಬೇಕಾಯಿತು. ಬೇರೆಯವರ ರಸೀದಿಗಳನ್ನು ಅಷ್ಟು ಜಾಲಾಡುವವರು ತಮ್ಮ ರಸೀದಿ ಕೊಡೋಕೆ ಇಷ್ಟು ಜುಗ್ಗತನ ಮಾಡುವುದು ನನಗೆ ಸರಿ ಕಾಣಲಿಲ್ಲ.

ತೆರಿಗೆ ಕಟ್ಟುವ ವಿಷಯದಲ್ಲಿ ಮಾತ್ರ ಬಹಳ ಖಡಕ್. ಜನವರಿಯಲ್ಲಿ ಲಾಭ ಬಂದಿದೆ, ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಿಬಿಡಿ, ರಿಟರ್ನ್ಸ್ ಟೈಮಿಗೆ ಅಂತ ಇಟ್ಟುಕೊಂಡರೆ ಬಡ್ಡಿ ಬೀಳುತ್ತದೆ ಅಂತ ಅವರೇ ನೆನಪು ಮಾಡಿದರು. 4% ಸೆಸ್ ಸೇರಿ 3.07 ಲಕ್ಷ, ಟಿಡಿಎಸ್ ಕಳೆದು ಸುಮಾರು 2.47 ಲಕ್ಷ ಕಟ್ಟಿದೆ. ಇನ್ನೊಂದು ಮನೆ ಕೊಳ್ಳುವುದಾದರೆ ಅದೇ 1961ರ ಕಾಯ್ದೆಯ 54ನೇ ಕಲಮಿನಲ್ಲಿ ವಿನಾಯಿತಿ ಇತ್ತು, ಮಾರುವ ಒಂದು ವರ್ಷ ಮುಂಚೆ ಅಥವಾ ಆಮೇಲೆ ಎರಡು ವರ್ಷದಲ್ಲಿ ಕೊಳ್ಳಬೇಕಿತ್ತು, ಕಟ್ಟಿಸುವುದಾದರೆ ಮೂರು ವರ್ಷ. ಇಲ್ಲವೇ ಲಾಭದ ದುಡ್ಡನ್ನು ಆರು ತಿಂಗಳೊಳಗೆ 54ಇಸಿ ಬಾಂಡಿಗೆ (ಈ ತೆರಿಗೆ ಉಳಿಸೋಕೆ ಇರುವ ಬಾಂಡು) ಹಾಕಬಹುದಿತ್ತು, ಮಿತಿ 50 ಲಕ್ಷ, ಐದು ವರ್ಷ ಮುಟ್ಟುವಂತಿರಲಿಲ್ಲ. ಮಗಳ ಫೀಸಿಗೆ ಅಂತಲೇ ಮಾರಿದ ಮನೆ, ನಮಗೆ ಎರಡೂ ಬೇಡವಾಗಿತ್ತು. ಒತ್ತಾಯ ಮಾಡಲಿಲ್ಲ. ಕೆಲವು ಕಡೆ ಬಾಂಡು, ಪಾಲಿಸಿ ಅಂತ ಹಿಂದೆ ಬೀಳ್ತಾರೆ, ಇಲ್ಲಿ ಅದಿಲ್ಲ.

ರಿಟರ್ನ್ಸ್ ಐಟಿಆರ್-2ರಲ್ಲಿ ಹಾಕಿದರು. ಆ ಸಲ ಗಡುವು ಜುಲೈ 31ರಿಂದ ಸೆಪ್ಟೆಂಬರ್‌ಗೆ ಹೋಗಿತ್ತು, ಆದರೂ ಜುಲೈನಲ್ಲೇ ಮುಗಿಸಿದರು. ರಿಟರ್ನ್ಸ್ ನೋಡಿ ಇಲಾಖೆಯಿಂದ ಬಂದ 143(1) ಸೂಚನೆಯಲ್ಲಿ ಬಾಕಿ ಏನೂ ಇರಲಿಲ್ಲ.

ಕೆಲಸಕ್ಕೆ ಐದಕ್ಕೆ ಐದು, ಫೋನು, ಮೆಟ್ಟಿಲು, ಫೀಸಿನ ರಸೀದಿಗೆ ಎರಡು, ಬೇಕಾದರೆ ನೀವೇ ಸರಾಸರಿ ಮಾಡಿಕೊಳ್ಳಿ. ಇಂಥ ಆಫೀಸಿಗೆ ಹೋಗುವವರು ಕೊಂಡ ಪತ್ರ, ಮಾರಿದ ಪತ್ರ, ಕಟ್ಟಿಸಿದ ಬಿಲ್ಲು, ಬ್ರೋಕರ್‌ಗೆ ಹಾಕಿದ ದುಡ್ಡಿನ ಎಂಟ್ರಿ, ಮಾರಿದ ವರ್ಷ ನೀವೇ ಕಟ್ಟಿದ ಕಂದಾಯದ ರಸೀದಿ, ಇಷ್ಟನ್ನು ಎರಡೆರಡು ಜೆರಾಕ್ಸ್ ಮಾಡಿಸಿಕೊಂಡು ಹೋಗಿ. ಒಂದು ಸೆಟ್ ಆ ಹುಡುಗ ಕಳೆಯುವುದು ಗ್ಯಾರಂಟಿ.